ಉಗಿ ಪೈಪಿನ ಮೇಲೆ ನನ್ನ ನಂಬರು

ವೆಲ್ಡಿಂಗ್ ಕೆಲಸ ಮಾಡುತ್ತೇನೆ ಎಂದು ಯಾರಿಗಾದರೂ ಹೇಳಿದರೆ ಸಾಕು, ಅವರಿಗೆ ತಮ್ಮ ಮನೆಯ ಗೇಟು ನೆನಪಾಗುತ್ತದೆ. ಕೆಳಗಿನ ತಿರುಗಣಿ ಮುರಿದಿದೆಯಂತೆ, ಭಾನುವಾರ ಬಿಡುವಿದ್ದರೆ ಬಂದು ಒಂದು ಟಾಕಾ ಹಾಕಿ ಹೋಗಬೇಕಂತೆ. ಮದುವೆ ಊಟದ ಪಂಕ್ತಿಯಲ್ಲಿ ಕೂಡ ಹೀಗೆ ಕೇಳಿದವರಿದ್ದಾರೆ. ಮೊದಲೆಲ್ಲ ನಕ್ಕು ಹೂಂ ಅನ್ನುತ್ತಿದ್ದೆ. ಈಗ ಸಿಟ್ಟು ಬರುತ್ತದೆ. ನಾನು ಗೇಟಿನ ವೆಲ್ಡರ್ ಅಲ್ಲ, ಬಾಯ್ಲರಿನ ವೆಲ್ಡರ್. ಸರಕಾರದ ಸಾಹೇಬರ ಎದುರು ನಿಂತು ಪರೀಕ್ಷೆ ಕೊಟ್ಟು ಪಾಸಾದವನು. ನನಗೊಂದು ನಂಬರಿದೆ. ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ನನ್ನ ಎಲೆಯ ಮೇಲಿನ ಅನ್ನ ಆರಿರುತ್ತದೆ, ಕೇಳಿದವರು ಮಜ್ಜಿಗೆಗೆ ಕೈ ಒಡ್ಡಿರುತ್ತಾರೆ.

"ಗೇಟ ಹಚ್ಚಿ ಕೊಟ್ಟ ಬರ್ರಿ ಅತ್ಲಾಗ. ನಿಮ್ಮ ನಂಬರ ಏನ ಸವೀತೈತೇನು?" ಎನ್ನುತ್ತಾಳೆ ಹೆಂಡತಿ. ಸವೆಯುವುದಿಲ್ಲ ನಿಜ. ಆದರೂ ಆ ನಂಬರು ನನಗೆ ಹೇಗೆ ಬಂತು ಅನ್ನುವುದನ್ನು ಒಮ್ಮೆ ಸಮಾಧಾನವಾಗಿ ಬರೆಯಬೇಕು ಅನಿಸಿದೆ. ಪಂಕ್ತಿಯಲ್ಲಿ ಯಾರೂ ಪೂರ್ತಿ ಕೇಳುವುದಿಲ್ಲ.

ಮಹಾರಾಷ್ಟ್ರದ ಮಗ್ಗದ ಊರು ಇಚಲಕರಂಜಿಯಲ್ಲಿ ಬೆಳೆದವರಿಗೆ ಉಗಿ ಹೊಸದಲ್ಲ. ಮಗ್ಗ ಏರುವ ಮುಂಚೆ ನೂಲು ಸೈಜಿಂಗಿಗೆ ಹೋಗಬೇಕು. ಅಲ್ಲಿ ಎಳೆಗಳನ್ನೆಲ್ಲ ಗಂಜಿಯಲ್ಲಿ ಅದ್ದಿ, ಬಿಸಿ ಸಿಲಿಂಡರುಗಳ ಮೇಲೆ ಹಾಯಿಸಿ ಒಣಗಿಸುತ್ತಾರೆ. ಆ ಸಿಲಿಂಡರುಗಳನ್ನು ಕಾಯಿಸುವುದು ಬಾಯ್ಲರಿನಿಂದ ಪೈಪಿನಲ್ಲಿ ಬರುವ ಉಗಿ. ಊರಿಗೆ ಅಂಟಿದ ಕಬನೂರಿನಲ್ಲಿ ನಮ್ಮ ಮನೆಯ ಹಿಂದೆಯೇ ಒಂದು ಸೈಜಿಂಗ್ ಇತ್ತು. ಬೆಳಗ್ಗೆ ಬಾಯ್ಲರ್ ಉಗಿ ಬಿಟ್ಟಾಗ ಬರುವ ಸದ್ದಿಗೇ ಅವ್ವ ನಮ್ಮನ್ನು ಎಬ್ಬಿಸುತ್ತಿದ್ದಳು. ಅಪ್ಪ ಅಥಣಿ ಕಡೆಯಿಂದ ಮಗ್ಗದ ಕೆಲಸ ಹುಡುಕಿಕೊಂಡು ಬಂದವರು. ನಾನೂ ಎರಡು ವರ್ಷ ಮಗ್ಗ ನಡೆಸಿದೆ. ಆ ಸದ್ದಿನಲ್ಲಿ ನಾನು ಬೈದದ್ದು ನನಗೇ ಕೇಳಿಸುತ್ತಿರಲಿಲ್ಲ. ಅಂಥ ಕೆಲಸ ನನ್ನ ಸ್ವಭಾವಕ್ಕೆ ಒಗ್ಗಲಿಲ್ಲ. ಬಿಟ್ಟು ಕಬ್ಬಿಣಕ್ಕೆ ಬಂದೆ.

ಗ್ರಿಲ್ಲು, ಶೆಡ್ಡು, ನೀರಿನ ಟಾಕಿ, ಸೈಜಿಂಗಿನ ಚಿಮಣಿ, ಮಗ್ಗದ ಮುರಿದ ಕಾಲು, ಹೀಗೆ ಇಪ್ಪತ್ತು ವರ್ಷ ಕಳೆಯಿತು. ಪಕ್ಕದ ಕೊರೋಚಿಯ ಒಂದು ಸೈಜಿಂಗ್ ಅಂತೂ ನನ್ನ ತವರುಮನೆಯೇ ಆಗಿತ್ತು. ಅದರ ಮಾಲಕರು ಜೈನ ಮನೆತನದವರು, ಹೊಲವೂ ಇತ್ತು, ವ್ಯಾಪಾರವೂ ಇತ್ತು. ನಾನು ಅವರನ್ನು ಅಣ್ಣಾರ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ತಮ್ಮಾ ಅನ್ನುತ್ತಿದ್ದರು. ಏನು ಮುರಿದರೂ ನನಗೇ ಫೋನು. ಈಗ ಒಪ್ಪಿಕೊಂಡುಬಿಡುತ್ತೇನೆ, ಉಗಿ ಪೈಪು ಸೋರಿದಾಗಲೂ ಒಂದೆರಡು ಸಲ ನಾನೇ ಮುಚ್ಚಿದ್ದೇನೆ. ಅದು ತಪ್ಪು ಎಂದು ಆಗ ನನಗೂ ಅನಿಸಿರಲಿಲ್ಲ, ಅವರಿಗೂ ಅನಿಸಿರಲಿಲ್ಲ. ಸೋರಿದರೆ ಮುಚ್ಚಬೇಕು, ಅಷ್ಟೇ ನಮ್ಮ ತಿಳಿವಳಿಕೆ.

ಆಮೇಲೆ ಅವರು ಹಳೆಯ ಬಾಯ್ಲರ್ ತೆಗೆದು ಹೊಸದನ್ನು ತರಿಸಿದರು. ಲಾರಿಯಿಂದ ಇಳಿಸುವಾಗ ನಾನೇ ಮುಂದೆ ನಿಂತಿದ್ದೆ. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಪೇಡೆ ಹಂಚಿಯಾದ ಮೇಲೆ ಅಣ್ಣಾರು ನನ್ನನ್ನು ಬದಿಗೆ ಕರೆದರು.

"ತಮ್ಮಾ, ತಪ್ಪ ತಿಳೀಬ್ಯಾಡ. ಉಗಿ ಪೈಪಿನ ಕೆಲಸಕ್ಕ ಕೊಲ್ಹಾಪುರದಾಂವ ಬರಾಕತ್ತಾನ. ಅವನ ಕಡೆ ಸರ್ಟಿಫಿಕೇಟ್ ಐತಿ. ನೀ ಅವಗ ಪೈಪ ಹಿಡಿ."

"ಇಪ್ಪತ್ತ ವರ್ಷಾತ್ರಿ ಅಣ್ಣಾರ. ನಿಮ್ಮ ಸೈಜಿಂಗಿನ್ಯಾಗ ನನ್ನ ಕೈ ಹತ್ತಲಾರದ ಕಬ್ಬಣ ಎಲ್ಲೈತಿ, ತೋರಿಸ್ರಿ."

"ನನಗ ಗೊತ್ತಿಲ್ಲೇನ? ಆದ್ರ ಬಾಯ್ಲರ್ ಸಾಹೇಬರು ನನ್ನ ಮಾತ ಕೇಳೂದಿಲ್ಲೋ. ಪೈಪಿನ ಮ್ಯಾಲಿನ ನಂಬರ ನೋಡತಾರ."

ಬಾಯ್ಲರಿನ ಕಾಯಿದೆ ಬ್ರಿಟಿಷರ ಕಾಲದ್ದು, ಈಚೆಗೆ ಹೊಸದಾಗಿ ಬರೆದಿದ್ದಾರೆ. ಹಳೆಯದಿರಲಿ ಹೊಸದಿರಲಿ, ತಾತ್ಪರ್ಯ ಒಂದೇ. ಬಾಯ್ಲರನ್ನು ಕಂಡಕಂಡವರು ಕೂಡಿಸುವಂತಿಲ್ಲ, ಕಂಡಕಂಡವರು ನಡೆಸುವಂತಿಲ್ಲ, ಉಗಿಯ ಪೈಪನ್ನು ಕಂಡಕಂಡವರು ಬೆಸೆಯುವಂತಿಲ್ಲ. ಬೆಸೆಯುವವನು ಬಾಯ್ಲರ್ ಇನ್‌ಸ್ಪೆಕ್ಟರ ಎದುರು ಪರೀಕ್ಷೆ ಕೊಟ್ಟಿರಬೇಕು. ಪಾಸಾದವನಿಗೆ ಒಂದು ನಂಬರು ಕೊಡುತ್ತಾರೆ. ಅವನು ತಾನು ಮಾಡಿದ ಪ್ರತಿಯೊಂದು ಬೆಸುಗೆಯ ಪಕ್ಕದಲ್ಲಿ ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದು ಆ ನಂಬರನ್ನು ಕಬ್ಬಿಣದಲ್ಲಿ ಮೂಡಿಸಬೇಕು. ನಾಳೆ ಏನಾದರೂ ಆದರೆ ಇದು ಯಾರ ಕೈ ಎಂದು ತಿಳಿಯಬೇಕು.

ಇವೆಲ್ಲ ನನಗೆ ಆಗ ಅರ್ಥವಾಗಿರಲಿಲ್ಲ. ಅರ್ಥವಾದದ್ದು ಇಷ್ಟೇ: ನಲವತ್ತು ದಾಟಿದ ನಾನು, ನನ್ನದೇ ಅಂಗಳದಂಥ ಸೈಜಿಂಗಿನಲ್ಲಿ, ಬೇರೊಬ್ಬ ಬೆಸೆಯುವಾಗ ಪೈಪು ಹಿಡಿದು ನಿಲ್ಲಬೇಕು. ಮೂರು ದಿನ ನಿಂತೆ. ಬಂದವನು ನನಗಿಂತ ಚಿಕ್ಕವನು, ಮಾತು ಕಡಿಮೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ನೆಪ ಸಿಗಲಿ ಎಂದು ಮೂರೂ ದಿನ ಕಾದೆ. ಸಿಗಲಿಲ್ಲ. ಕೆಲಸ ಚೊಕ್ಕವಾಗಿತ್ತು. ಒಂದೊಂದು ಬೆಸುಗೆ ಮುಗಿದಾಗಲೂ ಅವನು ಜೇಬಿನಿಂದ ಪಂಚ್ ತೆಗೆದು ಟಕ್ ಟಕ್ ಎಂದು ತನ್ನ ನಂಬರು ಹೊಡೆಯುತ್ತಿದ್ದ. ಮಗ್ಗದ ಸದ್ದು ಕೇಳಿ ಬೆಳೆದ ನನ್ನ ಕಿವಿಗೆ ಆ ಸಣ್ಣ ಸದ್ದು ತಡೆಯಲಾಗಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ, ನಾನೂ ಪರೀಕ್ಷೆಗೆ ಕೂರುತ್ತೇನೆ ಎಂದು. ನನ್ನ ನರೆತ ಮೀಸೆ ನೋಡಿ ಅವಳು, "ಸಾಲಿ ಯೂನಿಫಾರಂ ಹೊಲಿಸ್ಲೇನ್ರಿ?" ಎಂದಳು.

ಅರ್ಜಿ ಮರಾಠಿಯಲ್ಲಿ, ನಿಯಮಗಳು ಇಂಗ್ಲಿಷಿನಲ್ಲಿ, ಓದಿ ಓದಿ ಬಂದ ಸಿಟ್ಟು ಮಾತ್ರ ಕನ್ನಡದಲ್ಲಿ. ಅನುಭವದ ಪತ್ರವನ್ನು ಅಣ್ಣಾರು ಎರಡನೆಯ ಮಾತಿಲ್ಲದೆ ಬರೆದುಕೊಟ್ಟರು. ಹಳೆಯ ಪೈಪಿನ ತುಂಡುಗಳನ್ನೂ ಕೊಟ್ಟು, ಸೈಜಿಂಗಿನ ಹಿಂದಿನ ಶೆಡ್ಡಿನಲ್ಲಿ ಅಭ್ಯಾಸ ಮಾಡಿಕೋ ಎಂದರು. ಪರೀಕ್ಷೆಯಲ್ಲಿ ಪೈಪನ್ನು ಓರೆಯಾಗಿ ಬಿಗಿದಿರುತ್ತಾರೆ. ಅದನ್ನು ತಿರುಗಿಸುವಂತಿಲ್ಲ, ನಾವೇ ಅದರ ಸುತ್ತ ತಿರುಗಬೇಕು. ಮೇಲುಗಡೆ ಬೆಸೆಯುವುದು ಯಾರಿಗಾದರೂ ಬರುತ್ತದೆ. ಕೆಳಗೆ ತಲೆ ತೂರಿಸಿ, ಕಾದ ಹನಿ ಕುತ್ತಿಗೆಗೆ ಬೀಳುತ್ತಿದ್ದರೂ ಕೈ ಅಲುಗದಂತೆ ರಾಡು ನಡೆಸುವುದು ಬೇರೆಯೇ ವಿದ್ಯೆ. ಎರಡು ತಿಂಗಳು ಅದನ್ನೇ ಮಾಡಿದೆ. ನನ್ನ ಅಂಗಿಗಳ ಕಾಲರಿನಲ್ಲೆಲ್ಲ ತೂತು.

ಪರೀಕ್ಷೆ ಕೊಲ್ಹಾಪುರದ ಕೈಗಾರಿಕಾ ವಸಾಹತಿನ ಒಂದು ವರ್ಕ್‌ಶಾಪಿನಲ್ಲಿ. ಸಾಹೇಬರು ತೆಳ್ಳಗಿನ ಮನುಷ್ಯ, ಮರಾಠಿಯವರು. ಆಧಾರ್ ಕಾರ್ಡಿನ ಫೋಟೋ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು. ಪೈಪಿನ ತುಂಡಿನ ಮೇಲೆ ತಮ್ಮ ಗುರುತು ಹೊಡೆದು, ನಿಯಮಗಳನ್ನು ಗಡಗಡ ಓದಿ ಹೇಳಿದರು. ನಾನು ಎಲ್ಲಕ್ಕೂ ಹೌದೆಂದು ಹೋ ಸಾಹೇಬ, ಹೋ ಸಾಹೇಬ ಅನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಕೇಳಿಸಿಕೊಳ್ಳಲಿಲ್ಲ. ಇಪ್ಪತ್ತು ವರ್ಷ ಕೆಲಸ ಮಾಡಿದವನಿಗೆ ಇವರೇನು ಹೇಳುವುದು ಎಂಬ ಕೊಬ್ಬು.

ಬೆಸುಗೆ ಕೂತ ರೀತಿ ಇವತ್ತಿಗೂ ಕಣ್ಣ ಮುಂದಿದೆ. ಒಳಗಿನ ಮೊದಲ ಪದರ ಒಂದೇ ಸಮನಾಗಿ ಕೂಡಿತು. ಸಾಹೇಬರು ಬ್ಯಾಟರಿ ಬಿಟ್ಟು ಪೈಪಿನೊಳಗೆ ನೋಡಿ ತಲೆ ಆಡಿಸಿ, ಪಕ್ಕದವನ ಕೆಲಸ ನೋಡಲು ಹೋದರು. ಮೇಲಿನ ಪದರಗಳನ್ನೂ ಮುಗಿಸಿದೆ. ಕೊನೆಯ ಪದರದ ಮೇಲಿನ ಕರಿ ಕೆರೆದಾಗ ಸಣ್ಣ ಸಣ್ಣ ಅಲೆಗಳು ಒಂದರ ಬೆನ್ನಿಗೆ ಒಂದು ಬಿದ್ದಿದ್ದವು. ಅಲ್ಲಿಗೆ ರಾಡು ಕೆಳಗಿಟ್ಟು ಕೈ ಕಟ್ಟಿ ನಿಂತಿದ್ದರೆ ಆ ದಿನವೇ ಪಾಸಾಗುತ್ತಿದ್ದೆ. ನಿಲ್ಲಲಿಲ್ಲ. ಗ್ರೈಂಡರ್ ಎತ್ತಿಕೊಂಡೆ.

ಯಾಕೆಂದರೆ ನಾನು ಕಲಿತ ಕೆಲಸದಲ್ಲಿ ಬೆಸುಗೆ ಕಾಣುವುದೇ ಅವಮಾನ. ಗ್ರಿಲ್ಲು ಮಾಡಿಸಿಕೊಂಡ ಗಿರಾಕಿ ಮೊದಲು ಕೈ ಆಡಿಸಿ ನೋಡುತ್ತಾನೆ. ಎಲ್ಲಿ ಕೂಡಿಸಿದ್ದು ಎಂದು ಅವನಿಗೆ ತಿಳಿಯಬಾರದು, ಅದೇ ನಮ್ಮ ಹೆಚ್ಚುಗಾರಿಕೆ. ಆ ಪೈಪನ್ನೂ ಹಾಗೆಯೇ ಉಜ್ಜಿದೆ. ಅಲೆಗಳೆಲ್ಲ ಮಾಯವಾದವು. ಮೇಲೆ ಪಾಲಿಶ್ ಕಾಗದವನ್ನೂ ಹಾಕಿದೆ. ಎರಡು ತುಂಡಿನ ಪೈಪು ಒಂದೇ ತುಂಡಾಗಿ ಹೊಳೆಯುತ್ತಿತ್ತು. ಸಾಹೇಬರು ತಿರುಗಿ ಬರುವಾಗ ಎದೆ ಸೆಟೆಸಿ ನಿಂತಿದ್ದೆ.

ಅವರು ಬೆರಳು ಆಡಿಸಿದರು. "ಕೋಣೀ ಘಾಸಲಂ ಹೇ?" ಎಂದರು. ಉಜ್ಜಿದ್ದು ಯಾರು ಎಂದು ಕೇಳುತ್ತಿದ್ದಾರೆ. ಮೆಚ್ಚಿಕೊಂಡರು ಎಂದೇ ತಿಳಿದು, "ಮೀಚ್, ಸಾಹೇಬ!" ಎಂದೆ, ನಾನೇ ಎಂದು. ಅವರು ಕಾಗದ ತೆಗೆದು ನನ್ನ ಹೆಸರಿನ ಮುಂದೆ ಅಡ್ಡಗೆರೆ ಎಳೆದರು.

ನಾನು ಸುಮ್ಮನಿರಲಿಲ್ಲ. ಮುರಿದು ನೋಡಿ, ಬಗ್ಗಿಸಿ ನೋಡಿ ಎಂದೆ. ಮರಾಠಿ ಸಾಲದೆ ಬಂದು ಕನ್ನಡದಲ್ಲಿ ಕೂಗಿದೆ. ಪಕ್ಕದವರು ಕೆಲಸ ನಿಲ್ಲಿಸಿ ನೋಡಿದರು. ಸಾಹೇಬರು ದನಿ ಏರಿಸಲಿಲ್ಲ. "ಹಾತ ದಿಸಾಯಲಾ ಪಾಹಿಜೆ," ಅಂದರು. ಕೈ ಕಾಣಬೇಕು. ಉಜ್ಜಿದ ಮೇಲೆ ಒಳ್ಳೆಯ ಬೆಸುಗೆಯೂ ಒಂದೇ, ಬಿರುಕು ಮುಚ್ಚಿದ ಬೆಸುಗೆಯೂ ಒಂದೇ. ನೋಡುವವನಿಗೆ ಏನೂ ಉಳಿಯುವುದಿಲ್ಲ. ಕೊನೆಯ ಪದರಕ್ಕೆ ಗ್ರೈಂಡರ್ ಮುಟ್ಟಿಸಬಾರದು ಎಂದು ಮೊದಲೇ ಓದಿ ಹೇಳಿದ್ದೆ, ನೀವು ಹೋ ಅಂದಿರಿ, ಎಂದರು. ಅಂದಿದ್ದೆ.

ಇಚಲಕರಂಜಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ಹೊರಗೆ ನೋಡಲಿಲ್ಲ. ಫೇಲಾಗಿದ್ದಕ್ಕೆ ಅಲ್ಲ, ಚೆನ್ನಾಗಿ ಮಾಡಿಯೂ ಫೇಲಾಗಿದ್ದಕ್ಕೆ ಸಿಟ್ಟು.

ಮನೆಯಲ್ಲಿ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಏನಾಯಿತು ಎಂದು ಕೇಳಿದರು. ಹೇಳಿದೆ. ಸಾಹೇಬರನ್ನು ಬೈದೇ ಹೇಳಿದೆ. ಅಪ್ಪ ತಲೆ ಕೆಳಗೆ ಹಾಕಿ, "ಹಂಗಾರ ಅದು ನಾ ಕಲಿಸಿದ್ದ ತಪ್ಪ," ಎಂದರು.

ಅಪ್ಪ ಮಗ್ಗದಲ್ಲಿ ಮಾಡುತ್ತಿದ್ದದ್ದು ಎಳೆ ಕೂಡಿಸುವ ಕೆಲಸ. ಮಗ್ಗದಲ್ಲಿ ನೂಲು ಸುತ್ತಿದ ಉರುಳೆ, ಅಂದರೆ ಬೀಮು, ಮುಗಿದಾಗ ಹಳೆಯ ಒಂದೊಂದು ಎಳೆಗೂ ಹೊಸ ಬೀಮಿನ ಒಂದೊಂದು ಎಳೆಯನ್ನು ಗಂಟು ಹಾಕುತ್ತ ಹೋಗಬೇಕು, ಸಾವಿರಾರು ಗಂಟು. ಅಪ್ಪನ ಗಂಟು ಬೆರಳಿಗೂ ಹತ್ತುತ್ತಿರಲಿಲ್ಲ ಎಂದು ಕಬನೂರಿನ ಮಾಲಕರೆಲ್ಲ ಹೇಳುತ್ತಿದ್ದರು. ನಾನು ಕಬ್ಬಿಣಕ್ಕೆ ಬಂದಾಗ ಅವರು ನನಗೆ ಕೊಟ್ಟ ಬುದ್ಧಿಮಾತು ಒಂದೇ, ಕೂಡಿಸಿದ್ದು ಕಾಣಬಾರದು. ಅದನ್ನು ನಾನು ಮಂತ್ರದ ಹಾಗೆ ಇಟ್ಟುಕೊಂಡಿದ್ದೆ. ಗ್ರೈಂಡರ್ ಎತ್ತಿದ್ದು ನನ್ನ ಕೈಯಾದರೂ ಎತ್ತಿಸಿದ್ದು ನಮ್ಮ ಮನೆತನದ ಅಭಿಮಾನ.

"ನಿಂದೇನ ತಪ್ಪೈತಿ ಬಿಡಪ್ಪಾ," ಎಂದೆ. "ಆ ಸಾಹೇಬಗ ಚೊಲೋ ಕೆಲಸ ಯಾವುದು ಅನ್ನೂದ ತಿಳಿಯೂದಿಲ್ಲ."

ಅಪ್ಪ ತಮ್ಮ ಬೆರಳುಗಳನ್ನು ನೋಡಿಕೊಂಡರು. ಆಮೇಲೆ ಅವರು ಆಡಿದ ಮಾತು ನನಗೆ ಸಾಹೇಬರ ನಿಯಮಕ್ಕಿಂತ ಗಟ್ಟಿಯಾಗಿ ತಾಗಿತು. "ಅಂವಗ ತಿಳಿತೈತೊ ತಮ್ಮಾ. ನನ್ನ ಗಂಟ ಬಿಚ್ಚಿ ಅರಿವಿ ಹರಿದ್ರ ಮಂದಿ ಬೈತಾರ. ನಿಂದು ಬಿಚ್ಚಿದ್ರ, ಬೈಯಾಕ ಮಂದಿ ಉಳೀಬೇಕಲ್ಲ?"

ಎರಡನೆಯ ಸಲ ನಾಲ್ಕು ತಿಂಗಳ ಮೇಲೆ ಹೋದೆ. ಅದೇ ವರ್ಕ್‌ಶಾಪು, ಅದೇ ಸಾಹೇಬರು. ಈ ಸಲ ನಿಯಮ ಓದುವಾಗ ಒಂದೊಂದು ಮಾತನ್ನೂ ಕೇಳಿಸಿಕೊಂಡೆ. ಅರ್ಥವಾಗದ್ದನ್ನು ತಿರುಗಿ ಕೇಳಿದೆ. ಕೊನೆಯ ಪದರ ಮುಗಿದ ಮೇಲೆ ಗ್ರೈಂಡರನ್ನು ಕಾಲಿನಿಂದ ದೂರ ತಳ್ಳಿ ನಿಂತೆ. ಸಾಹೇಬರು ಅದನ್ನು ಕಂಡರು. ಬೆಸುಗೆಯ ಮೇಲೆ ಅಡ್ಡಲಾಗಿ ಪಟ್ಟಿಗಳನ್ನು ಕೊಯ್ದು, ಪ್ರೆಸ್ಸಿನಲ್ಲಿ ಇಟ್ಟು, ಕುದುರೆಯ ಕಾಲಿಗೆ ಹೊಡೆಯುವ ಲಾಳದ ಹಾಗೆ ಬಗ್ಗಿಸಿದರು. ಬಿರುಕು ಬಿಟ್ಟರೆ ಫೇಲು. ಒಂದೊಂದು ಪಟ್ಟಿಯನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಎಲ್ಲ ಪಟ್ಟಿಗಳನ್ನೂ ಸಾಲಾಗಿ ಮೇಜಿನ ಮೇಲಿಟ್ಟು ಪೆನ್ನು ತೆಗೆದಾಗ ಗೊತ್ತಾಯಿತು, ಆಯಿತು ಎಂದು.

ಆ ದಿನ ನನಗೆ ಆದ ಹೆಮ್ಮೆಯನ್ನು ಮುಚ್ಚಿಟ್ಟು ಬರೆಯಲಾರೆ. ಮಗ ಹುಟ್ಟಿದಾಗ ಕೂಡ ಇಷ್ಟು ಆಗಿರಲಿಲ್ಲ ಎಂದು ಬಾಯಿತಪ್ಪಿ ಹೇಳಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ. ಪ್ರಮಾಣಪತ್ರ ಕೈಗೆ ಬಂದಾಗ ಅದರಲ್ಲಿ ನನ್ನ ಫೋಟೋ, ಸಾಹೇಬರ ಸಹಿ, ನನ್ನ ನಂಬರು. ಪಂಚ್ ಮಾಡಿಸಿಕೊಂಡೆ. ಮುಂದೆ ಅಣ್ಣಾರ ಸೈಜಿಂಗಿನಲ್ಲಿ ಒಂದು ಹೊಸ ಪೈಪು ಎಳೆಯುವುದಿತ್ತು, ಅದನ್ನು ನಾನೇ ಬೆಸೆದೆ. ನಂಬರು ಹೊಡೆಯುವಾಗ ಅಣ್ಣಾರು ಬಂದು ಪಕ್ಕ ನಿಂತು, ನಾನು ಹೊಡೆದು ಮುಗಿಸುವ ತನಕ ಫೋನು ಬಂದರೂ ಎತ್ತಲಿಲ್ಲ.

ಈ ಪ್ರಮಾಣಪತ್ರ ಒಮ್ಮೆ ತೆಗೆದುಕೊಂಡರೆ ಮುಗಿಯಿತು ಎಂಬಂಥದ್ದಲ್ಲ. ಎರಡು ವರ್ಷಕ್ಕೊಮ್ಮೆ ಮತ್ತೆ ಹೋಗಿ ಕೈ ತೋರಿಸಬೇಕು. ಮೊದಮೊದಲು ಇದೂ ಕಿರಿಕಿರಿ ಅನಿಸುತ್ತಿತ್ತು. ಈಗ ಇಲ್ಲ. ಕೈಗೂ ವಯಸ್ಸಾಗುತ್ತದೆ, ಕಣ್ಣಿಗೂ ಆಗುತ್ತದೆ, ಅದನ್ನು ಹೇಳುವವರು ಯಾರಾದರೂ ಇರಬೇಕು.

ಆದರೆ ಆ ನಂಬರಿನ ಬೆಲೆ ಏನು ಎಂದು ನನಗೆ ತಿಳಿದದ್ದು ಗಡಹಿಂಗ್ಲಜದಲ್ಲಿ. ಅಲ್ಲಿ ಒಂದು ಗೋಡಂಬಿ ಕಾರಖಾನೆ. ಗೋಡಂಬಿಯ ಬೀಜವನ್ನು ಒಡೆಯುವ ಮುಂಚೆ ಉಗಿಯಲ್ಲಿ ಬೇಯಿಸಬೇಕು, ಅದಕ್ಕೊಂದು ಸಣ್ಣ ಬಾಯ್ಲರ್ ಕೂಡಿಸಿದ್ದರು. ಪೈಪಿನ ಕೆಲಸಕ್ಕೆ ಎಂದು ನನ್ನನ್ನು ಕರೆಸಿದರು. ಹೋಗಿ ನೋಡಿದರೆ ಕೆಲಸವೆಲ್ಲ ಮುಗಿದಿದೆ. ಆರು ಬೆಸುಗೆ, ಆರೂ ಆಗಿಹೋಗಿವೆ. ಪೈಪು ಹಾದುಹೋಗುವ ಗೋಡೆಯ ಆಚೆಗೆ ಸಾಲಾಗಿ ಹೆಂಗಸರು ಕೂತು ಬೀಜ ಒಡೆಯುತ್ತಿದ್ದಾರೆ.

ಮಾಲಕ ವಯಸ್ಸಿನಲ್ಲಿ ಚಿಕ್ಕವನು, ಮಾತು ಬಲು ಮೃದು. "ಬರ್ರಿ ಬರ್ರಿ, ಚಾ ತಗೊಳ್ರಿ. ನಾಡದ ಸಾಹೇಬರು ಬರತಾರ. ಜಾಯಿಂಟ ಎಲ್ಲಾ ನಮ್ಮ ಮನಿಶ್ಯಾನ ಮಾಡ್ಯಾನ್ರಿ. ನೀವು ನಂಬರಷ್ಟ ಹೊಡೀರಿ, ಪೂರಾ ಕೆಲಸದ ಪಗಾರ ಕೊಡ್ತೇನಿ."

ನನಗೆ ಚಹಾ ನೆತ್ತಿಗೇರಿತು. ಎರವಲು ಕೊಡಲಿಕ್ಕೆ ನಂಬರೇನು ಕೊಡೆಯೇ? "ಕರೀರಿ ನಿಮ್ಮ ಮನಿಶ್ಯಾನ," ಎಂದೆ.

ಬಂದವನು ನನ್ನದೇ ವಯಸ್ಸಿನವನು, ಸಂಕೇಶ್ವರ ಕಡೆಯವನು. ಟ್ರಾಕ್ಟರಿನ ಟ್ರಾಲಿ ಕಟ್ಟುತ್ತ ಕೆಲಸ ಕಲಿತವನಂತೆ. ಕೈ ಒರೆಸಿಕೊಂಡು ಬಾಗಿಲಲ್ಲೇ ನಿಂತ. ನಾನು ಬೆಸುಗೆಗಳನ್ನು ಒಂದೊಂದಾಗಿ ನೋಡಿದೆ. ಹೊರಗಿನಿಂದ ಕೊರತೆ ಏನೂ ಇರಲಿಲ್ಲ. ಆದರೆ ಒಳಗಿನ ಮೊದಲ ಪದರ ಹೊರಗಿನಿಂದ ಕಾಣುವುದಿಲ್ಲ, ಅದನ್ನು ಹಾಕುವಾಗ ನಾನಿರಲಿಲ್ಲ. "ಗ್ರೈಂಡರ್ ಕೊಡ್ರಿ," ಎಂದೆ. ಮೊದಲನೆಯದನ್ನು ಕೊಯ್ದು ತೆಗೆದೆ.

ಒಳಗೆ ಚೆನ್ನಾಗಿತ್ತು. ಸುಮ್ಮನೆ ಚೆನ್ನಾಗಿತ್ತು ಎಂದರೆ ಸಾಲದು, ನನ್ನ ಬೆಸುಗೆ ಎಂದೇ ತೋರಿಸಬಹುದಿತ್ತು. ಮಾಲಕ ಬಗ್ಗಿ ನೋಡಿ ಮುಖ ಅರಳಿಸಿದ. "ನೋಡ್ರಿ, ಚೊಲೋ ಐತಲ್ರಿ? ಉಳದ ಐದಕ್ಕರ ನಂಬರ ಹೊಡೀರಿ ಮತ್ತ."

ಆ ಗಳಿಗೆಯಲ್ಲಿ ನನಗೂ ಆಸೆಯಾಯಿತು. ಕೈ ಚೆನ್ನಾಗಿದೆ, ಒಂದು ಚೆನ್ನಾಗಿದ್ದರೆ ಉಳಿದವೂ ಚೆನ್ನಾಗಿಯೇ ಇರುತ್ತವೆ, ಎರಡು ದಿನದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ನಾನು ಮಾಡಿಲ್ಲದ್ದನ್ನು ನಾನು ಮಾಡಿದೆ ಎಂದು ಕಬ್ಬಿಣದಲ್ಲಿ ಕೊರೆಯುವುದು ಹೇಗೆ? ಗೋಡೆಯ ಆಚೆಗೆ ಹೆಂಗಸರು ನಗುತ್ತ ಏನೋ ಮಾತಾಡುತ್ತಿದ್ದರು. ಎರಡನೆಯದನ್ನೂ ಕೊಯ್ದೆ. ಮೂರನೆಯದನ್ನೂ ಕೊಯ್ದೆ. ಆರನ್ನೂ ಕೊಯ್ದೆ. ಒಂದಾದರೂ ಕೆಟ್ಟಿತ್ತು ಎಂದು ಬರೆಯಲು ಈಗ ಆಸೆಯಾಗುತ್ತದೆ, ನನ್ನ ಹಟಕ್ಕೆ ಒಂದು ಆಧಾರ ಸಿಗುತ್ತದೆ. ಆದರೆ ಆರೂ ಚೆನ್ನಾಗಿದ್ದವು.

ಸಂಕೇಶ್ವರದವನು ಕೆಳಗೆ ಬಿದ್ದ ತುಂಡುಗಳನ್ನು ಆರಿಸಿ ಗೋಡೆಗೆ ಜೋಡಿಸಿಟ್ಟ. ಮರುದಿನ ನಾನು ಹೊಸದಾಗಿ ಬೆಸೆಯುವಾಗ ಅವನೇ ಪೈಪು ಹಿಡಿದ. ಅವನ ದವಡೆ ಬಿಗಿದಿದ್ದು ನನ್ನ ಕಪ್ಪು ಕನ್ನಡಕದ ಗ್ಲಾಸಿನೊಳಗಿಂದಲೂ ಗೊತ್ತಾಗುತ್ತಿತ್ತು.

ಸಾಹೇಬರು ಬಂದರು. ನನ್ನ ಪರೀಕ್ಷೆ ತೆಗೆದುಕೊಂಡವರೇ. ಪೈಪಿನಲ್ಲಿ ನೀರು ತುಂಬಿಸಿ, ಪಂಪಿನಿಂದ ಒತ್ತಡ ಏರಿಸಿ, ಗಡಿಯಾರದಂಥ ಮಾಪಕದ ಮುಳ್ಳನ್ನು ನೋಡುತ್ತ ನಿಂತರು. ಮುಳ್ಳು ಕದಲಲಿಲ್ಲ, ಒಂದು ಹನಿಯೂ ಸೋರಲಿಲ್ಲ. ಆರು ಕಡೆ ನನ್ನ ನಂಬರು ನೋಡಿ, ಆರು ಸಲ ಬರೆದುಕೊಂಡರು. ಇನ್ನು ಸಹಿ ಹಾಕಿ ಹೊರಡುವುದು ಬಾಕಿ. ನನ್ನ ಪಾಡಿಗೆ ನಾನು ಸುಮ್ಮನಿರಬಹುದಿತ್ತು. ನನ್ನ ಬಾಯಿ ಎಂದಾದರೂ ಸುಮ್ಮನಿದ್ದದ್ದುಂಟೇ?

"ಸಾಹೇಬ," ಎಂದು ಮರಾಠಿಯಲ್ಲಿ ಹೇಳಿದೆ. "ಇಲ್ಲಿ ನನಗಿಂತ ಮೊದಲು ಆರು ಬೆಸುಗೆ ಇದ್ದವು. ನಾನೇ ಕೊಯ್ದೆ. ಆರೂ ಚೆನ್ನಾಗಿದ್ದವು. ಮಾಡಿದ ಕೈ ಅಲ್ಲಿ ನಿಂತಿದೆ, ಅದಕ್ಕೆ ನಂಬರಿಲ್ಲ ಅಷ್ಟೇ." ಗೋಡೆಗೆ ಇಟ್ಟಿದ್ದ ತುಂಡುಗಳನ್ನು ತಂದು ತೋರಿಸಿದೆ.

ಮಾಲಕನ ಮುಖ ಸಣ್ಣದಾಯಿತು. ಸಾಹೇಬರು ಮೊದಲು ಅವನನ್ನು ನೋಡಿದರು. ನಂಬರಿಲ್ಲದ ಕೈಗೆ ಕೆಲಸ ಕೊಟ್ಟದ್ದೇಕೆ ಎಂದು ಅಲ್ಲಿಯೇ ನಿಲ್ಲಿಸಿ ಚೆನ್ನಾಗಿಯೇ ಕೇಳಿದರು. ಆಮೇಲೆ ಒಂದು ತುಂಡನ್ನು ಕೈಗೆತ್ತಿಕೊಂಡು ಒಳಗೆ ನೋಡಿದರು, ಹೊರಗೆ ನೋಡಿದರು. ಅದನ್ನು ಸಂಕೇಶ್ವರದವನ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ, "ಪುಢಚ್ಯಾ ಟೆಸ್ಟಲಾ ಪಾಠವಾ ಯಾಲಾ," ಎಂದರು. ಮುಂದಿನ ಪರೀಕ್ಷೆಗೆ ಇವನನ್ನು ಕಳಿಸಿ. ಅವರು ಹೋದ ಮೇಲೆ ಮಾಲಕ, "ನೀವು ಹಿಂಗ ಮಾಡಬಾರದಿತ್ರಿ. ಸರ್ಟಿಫಿಕೇಟ್ ಸಿಕ್ರ ಇಂವ ನನ್ನ ಕಡೆ ನಿಲ್ತಾನೇನು?" ಎಂದ. "ನಿಲ್ಲುವಂಗ ಇಟ್ಕೊಳ್ರಿ," ಎಂದೆ. ಮಾತು ಅಲ್ಲಿಗೆ ಮುಗಿಯಿತು.

ಮುಂದಿನ ಪರೀಕ್ಷೆಗೆ ಕೊಲ್ಹಾಪುರಕ್ಕೆ ಇಬ್ಬರೂ ಹೋದೆವು. ಅವನದು ಮೊದಲ ಸಲ, ನನ್ನದು ಎರಡು ವರ್ಷ ಮುಗಿದಿತ್ತು. ಅಕ್ಕಪಕ್ಕದ ಗೂಡುಗಳಲ್ಲಿ ಇಬ್ಬರಿಗೂ ಒಂದೇ ಅಳತೆಯ ಪೈಪು. ಅರ್ಜಿಯನ್ನು ನಾನೇ ತುಂಬಿಕೊಟ್ಟಿದ್ದೆ. ನಿಯಮಗಳನ್ನು ಕನ್ನಡದಲ್ಲಿ ಎರಡು ಸಲ ಹೇಳಿಸಿ ಒಪ್ಪಿಸಿಕೊಂಡಿದ್ದೆ. ಕೆಲಸ ಶುರುವಾದ ಮೇಲೆ ಅವನ ಕಡೆ ನೋಡಲಿಲ್ಲ, ನೋಡಲು ನನಗೆ ಪುರುಸೊತ್ತೂ ಇರಲಿಲ್ಲ. ನನ್ನ ಕುತ್ತಿಗೆಯ ಮೇಲೂ ಹನಿ ಬೀಳುತ್ತಿತ್ತು. ಸಾ‍ಯಂಕಾಲದ ಹೊತ್ತಿಗೆ ಇಬ್ಬರ ಪಟ್ಟಿಗಳೂ ಬಗ್ಗಿದವು, ಯಾವುದೂ ಬಿರಿಯಲಿಲ್ಲ. ಅವನ ಪಟ್ಟಿಗಳನ್ನು ಸಾಹೇಬರು ನನ್ನವಕ್ಕಿಂತ ಒಂದು ಗಳಿಗೆ ಹೆಚ್ಚೇ ಹಿಡಿದು ನೋಡಿದರು, ಇಷ್ಟಪಟ್ಟು ನೋಡುವ ಹಾಗೆ. ನನಗೆ ಸ್ವಲ್ಪ ಚುಚ್ಚಿತು. ಇರಲಿ.

ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದೆವು. ಅವನಿಗೆ ಗಡಹಿಂಗ್ಲಜದ ಬಸ್ಸು, ನನಗೆ ಇಚಲಕರಂಜಿಯದು. ಅಷ್ಟು ದಿನ ಬಾಯಿ ಬಿಡದವನು ಅವತ್ತು ಬಿಟ್ಟ.

"ಅಣ್ಣಾರ, ಒಂದ ಮಾತ ಹೇಳ್ತೇನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಅವತ್ತ ನೀವು ನನ್ನ ಜಾಯಿಂಟ ಕೊಯ್ಯಾಕ ಹತ್ತಿದ್ರಲ್ಲ, ಆ ಗ್ರೈಂಡರ್ ಕಸಗೊಂಡ ನಿಮ್ಮ ಮ್ಯಾಲ ಒಗೀಬೇಕ ಅನಸಿತ್ರಿ."

"ಗೊತ್ತಾಗಿತ್ತ."

"ಗೊತ್ತಾಗಿಯೂ ಸಾಹೇಬರ ಮುಂದ ನನ್ನ ಯಾಕ ತೋರಿಸಿದ್ರಿ?"

"ಸಿಟ್ಟ ಬಂದಿತ್ತಲ್ಲ ನಿನಗ, ಅದಕ್ಕ," ಎಂದೆ. "ತಾ ಮಾಡಿದ ಕೆಲಸ ಕಣ್ಣ ಮುಂದ ಕೊಯ್ದ್ರೂ ಸಿಟ್ಟ ಬರಲಾರದಾಂವಗ ನಂಬರ ಯಾಕ ಬೇಕೊ?"

ಅವನು ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟರಲ್ಲಿ ಅವನ ಬಸ್ಸು ಬಂತು. ನೂಕುನುಗ್ಗಲಿನಲ್ಲಿ ಹತ್ತಿ, ಒಳಗೆ ಸೀಟು ಹಿಡಿದು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಸ್ಟ್ಯಾಂಡಿನ ಮಂದಿಯೆಲ್ಲ ತಿರುಗಿ ನೋಡುವ ಹಾಗೆ ಕೂಗಿದ:

"ನನ್ನ ನಂಬರ ಯಾರಿಗೂ ಕೊಡೂದಿಲ್ರೀ! ನಿಮಗೂ ಕೊಡೂದಿಲ್ಲ!"